ಮೂಲ್ಯಾಗ ಸಿಕ್ಕೊಂಡ ಬಂಡಿ

ಯುಗಾದಿ ಹತ್ರ ಬಂತಂದ್ರ ನಮ್ಮ ಮನ್ಯಾಗ ಅಟ್ಟ ಝಾಡಿಸೂದು ಒಂದು ದೊಡ್ಡ ಕೆಲಸ. ಈ ಸಲ ಅಟ್ಟದಿಂದ ಇಳಿದದ್ದು ತೂತು ಬಿದ್ದ ಒಂದು ತಾಮ್ರದ ಹಂಡೆ, ನಮ್ಮ ಅತ್ತಿಯವರು ಹೊಲದ ಎರಡು ಹಳೇ ಕೌದಿ, ಮಗಳ ಸಾಲಿ ಪುಸ್ತಕದ ಗಂಟು, ಮತ್ತ ಒಂದು ಬೂಟಿನ ಡಬ್ಬಿ. ಬೂಟು ಇರಬೇಕು ಅಂತ ತಗದು ನೋಡಿದ್ರ ಒಳಗ ಹಳದಿ ಬಣ್ಣದ ಎರಡು ಪುಟ್ಟ ಮೋಟರ್, ಎರಡು ಗಾಲಿ, ಒಂದು ಹಿಡಿ ಬಣ್ಣಬಣ್ಣದ ತಂತಿ, ಅಂಗೈಯಷ್ಟು ಅಗಲದ ಒಂದು ನೀಲಿ ಹಲಗಿ. ಅದರ ಜೋಡಿ ಎರಡು ಕಣ್ಣು ಬಿಟ್ಟುಕೊಂಡು ಗೂಬಿ ಹಂಗ ನೋಡೂ ಒಂದು ಸಾಮಾನು.

ಇದು ಸಣ್ಣಾಂವಂದು ಅಂತ ನನಗ ಗೊತ್ತಾತು. ಇಂಜಿನಿಯರಿಂಗ್ ಮೊದಲನೇ ವರ್ಷ ಗೆಳ್ಯಾರ ಜೋಡಿ ಕೂಡಿ ರೋಬೋ ಮಾಡ್ತೇನಿ ಅಂತ ರೊಕ್ಕ ಇಸಗೊಂಡು ತಂದಿದ್ದ. ಆಮ್ಯಾಲೆ ಏನೇನೋ ಆತು. ಮೂರನೇ ವರ್ಷದಾಗ ನಾಕು ಸಬ್ಜೆಕ್ಟ್ ಉಳಕೊಂಡ್ವು. ಒಂದಿನ ಬ್ಯಾಗ್ ಹೊತ್ತುಕೊಂಡು ಮನಿಗೆ ಬಂದಾಂವ ತಿರುಗಿ ಹೋಗಲೇ ಇಲ್ಲ. ಖೋಲಿ ಬಾಗಲಾ ಹಾಕ್ಕೊಂಡು ಕೂತ. ಊಟಕ್ಕ ಬರತಿದ್ದ, ತಾಟು ನೋಡಿಕೋತ ಉಣ್ಣತಿದ್ದ, ಎದ್ದು ಹೋಗತಿದ್ದ. ಸಂಕ್ರಾಂತಿ ದಿವಸ ಕುಸರೆಳ್ಳು ಕೊಡೂ ಹೊತ್ತಿಗೆ ಅಪ್ಪಗ ಮಗಗ ಮಾತಿಗೆ ಮಾತು ಬೆಳೀತು. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡೂ ಹಬ್ಬ ನೋಡ್ರಿ ಅದು! ಅವತ್ತಿಂದ ಇಬ್ಬರ ನಡುವ ಮಾತು ಬಂದ್. “ಅವಗ ಹೇಳು”, “ಅಪ್ಪಗ ಹೇಳು” ಅಂತ ನಾನೇ ಅಂಚೆ ಪೇದಿ ಆಗಿದ್ದೆ.

ಡಬ್ಬಿ ಒಯ್ದು ಅವನ ಖೋಲಿ ಬಾಗಲದಾಗ ನಿಂತೆ. “ಇದನ್ನೇನು ಮಾಡ್ಲೋ?” ಅಂದೆ.

“ಕಸಕ್ಕ ಹಾಕು” ಅಂದ. ಮಾರಿ ಸುದ್ದಾ ಎತ್ತಲಿಲ್ಲ.

ನನಗ ಯಾವ ಸಾಮಾನೂ ಕಸಕ್ಕ ಹಾಕಿ ಗೊತ್ತಿಲ್ಲ. ಹಾಲಿನ ಪಾಕೀಟು ಸುದ್ದಾ ತೊಳದು ಒಣಗಿಸಿ ಇಡಾಕಿ ನಾ. ಡಬ್ಬಿ ತಂದು ಅಡಗಿಮನಿ ಫಳಿ ಮ್ಯಾಲೆ, ಶಾವಿಗಿ ಡಬ್ಬಿ ಬಾಜು ಇಟ್ಟೆ. ದಿನಾ ಕಣ್ಣಿಗೆ ಬೀಳತಿತ್ತು. ಎಂಟು ದಿನ ಆದ ಮ್ಯಾಲೆ, ಒಂದು ಮಧ್ಯಾಹ್ನ ಅತ್ತಿಯವರು ಮಲಕೊಂಡಾಗ, ಎಲ್ಲಾ ತಗದು ನೆಲದ ಮ್ಯಾಲೆ ಹರವಿಕೊಂಡು ಕೂತೆ. ಪಿಯುಸಿ ಸೈನ್ಸ್ ಓದಿದಾಕಿ ನಾ. ಓಮನ ನಿಯಮ ಬರದ ಹಾಳಿ ಇನ್ನೂ ನೆನಪದ. ಓದಿದ್ದು ಅಲ್ಲಿಗೇ ನಿಂತಿತ್ತು, ಅದೊಂದು ಬ್ಯಾರೆ ಕಥಿ. ಪುಣೇದಾಗಿರೂ ಮಗಳು ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್ ಇತ್ತು. ಆಕಿಗೆ ಫೋನ್ ಮಾಡಿ ಕೇಳಿದೆ. ಆಕಿ ಮೊದಲ ನಕ್ಕಳು, ಆಮ್ಯಾಲೆ, “ಅಮ್ಮಾ, ಅದಕ್ಕ ಆರ್ಡುಯಿನೋ ಅಂತಾರ, ಯೂಟ್ಯೂಬ್‌ದಾಗ ನೋಡು, ಕನ್ನಡದಾಗೂ ಅವ” ಅಂದಳು.

ಈ ಆರ್ಡುಯಿನೋ ಅನ್ನೂ ನೀಲಿ ಹಲಗಿ ಇಟಲಿ ದೇಶದ್ದು. ಅಲ್ಲೆ ಇವ್ರೆಯಾ ಅನ್ನೂ ಊರಾಗ 2005ರಲ್ಲಿ, ಎಲೆಕ್ಟ್ರಾನಿಕ್ಸ್ ಓದದ ಡಿಸೈನ್ ಹುಡುಗರಿಗೆ ಕಲಿಸಲಿಕ್ಕೆ ಅಂತ ಮೇಷ್ಟ್ರು ಮತ್ತು ಹುಡುಗರು ಕೂಡಿ ಮಾಡಿದ್ದಂತ. ಅವರು ಕೂಡತಿದ್ದ ಒಂದು ಬಾರಿನ ಹೆಸರನ್ನೇ ಇದಕ್ಕ ಇಟ್ಟಾರ. ಆ ಬಾರಿಗೆ ಅಲ್ಲಿಯ ಸಾವಿರ ವರ್ಷದ ಹಿಂದಿನ ಒಬ್ಬ ರಾಜನ ಹೆಸರು. ಎಲೆಕ್ಟ್ರಾನಿಕ್ಸ್ ಬರದವರ ಸಲುವಾಗಿನೇ ಮಾಡ್ಯಾರ ಅಂತ ಓದಿದ ಮ್ಯಾಲೆ ನನಗ ಧೈರ್ಯ ಬಂತು. ಹಂಗಾರ ಇದು ನಂದೂ ಹೌದು ಅನ್ನಿಸ್ತು.

ಮೊದಲನೇ ಪಾಠ ಅಂದ್ರ ಹಲಗಿ ಮ್ಯಾಲಿನ ಒಂದು ಸಾಸಿವಿಯಷ್ಟು ದೀಪ ಮಿಣುಕಿಸೂದು. ಒಂದು ಸೆಕೆಂಡ್ ಹತ್ತಬೇಕು, ಒಂದು ಸೆಕೆಂಡ್ ಆರಬೇಕು. ಪ್ರೋಗ್ರಾಂನಾಗ ಎರಡು ಭಾಗ ಇರ್ತಾವ. ಒಂದು ಸೆಟಪ್, ಇನ್ನೊಂದು ಲೂಪ್. ಸೆಟಪ್‌ದಾಗ ಬರದದ್ದು ಒಮ್ಮೆ ಮಾತ್ರ ನಡೀತದ. ಲೂಪ್‌ದಾಗ ಬರದದ್ದು ಕರೆಂಟ್ ಇರೂ ತನಕಾ ನಡೀತನೇ ಇರ್ತದ, ಮುಗಿದ ಕೂಡಲೆ ಮತ್ತ ಮೊದಲಿಂದ. ನನಗ ಇದು ಒಂದೇ ಸಲಕ್ಕ ತಿಳೀತು. ಸೆಟಪ್ ಅಂದ್ರ ಲಗ್ನ, ಲೂಪ್ ಅಂದ್ರ ಸಂಸಾರ.

ಆದ್ರ ತಿಳಿಯೂದು ಬ್ಯಾರೆ, ಬರಿಯೂದು ಬ್ಯಾರೆ. ಪ್ರತಿ ಸಾಲಿನ ಕಡೀಕ ಒಂದು ಅರ್ಧವಿರಾಮ ಹಾಕಬೇಕು. ಮರತ್ರ ಕೆಂಪು ಅಕ್ಷರದಾಗ ಬೈತದ, ಅದೂ ಎಲ್ಲಿ ತಪ್ಪದನೋ ಆ ಸಾಲು ಬಿಟ್ಟು ಮುಂದಿನ ಸಾಲು ತೋರಿಸಿ ಬೈತದ. ಮೂರು ಮಧ್ಯಾಹ್ನ ಹೋದ್ವು. ನಾಕನೇ ದಿನ ದೀಪ ಮಿಣುಕಿತು. ಹತ್ತೂ ಹೊತ್ತು ಅರ್ಧ ಸೆಕೆಂಡ್ ಮಾಡಿದೆ, ಕಾಲು ಸೆಕೆಂಡ್ ಮಾಡಿದೆ. ಅತ್ತಿಯವರು ಎದ್ದು ಬಂದು, “ಏನವಾ ಅದು, ಮಿಂಚುಹುಳಾ ಹಿಡದಿಯೇನು?” ಅಂದ್ರು. ಅವರಿಗೆ ಎಂಬತ್ಮೂರು. ಕಣ್ಣು ಛಲೋ ಅವ, ಕಿವಿ ಅಷ್ಟಕ್ಕಷ್ಟ.

ಮುಂದ ಮೋಟರ್. ಇಲ್ಲಿ ನಾ ಒಂದು ವಾರ ಸಿಕ್ಕೊಂಡೆ. ಮೋಟರಿನ ತಂತಿ ಸೀದಾ ಹಲಗಿಗೆ ಚುಚ್ಚಬಾರದು. ಹಲಗಿಯ ಒಂದೊಂದು ಕಾಲಿನಿಂದ ಸುಮಾರು 20 ಮಿಲಿಆಂಪಿಯರ್ ಕರೆಂಟಷ್ಟೇ ತಗೋಬೇಕು. ಮೋಟರಿಗೆ ಅದರ ಎಷ್ಟೋ ಪಟ್ಟು ಬೇಕು. ಅದಕ್ಕ ನಡುವ ಒಂದು ಡ್ರೈವರ್ ಹಲಗಿ ಬೇಕು, ಎಲ್298ಎನ್ ಅಂತ ಅದರ ಹೆಸರು. ಅದೂ ಡಬ್ಬ್ಯಾಗ ಇತ್ತು, ಕೆಂಪಂದು, ಬೆನ್ನ ಮ್ಯಾಲೆ ಕಪ್ಪು ಬಾಚಣಿಗಿಯಂಥಾದ್ದು ಇರ್ತದ. ಸ್ವಿಚ್ ಒತ್ತೂ ಬೆರಳು ಬ್ಯಾರೆ, ಮಿಕ್ಸರ್ ತಿರುಗಿಸೂ ಕರೆಂಟ್ ಬ್ಯಾರೆ ಅಲ್ರಿ, ಹಂಗ. ನೀಲಿ ಹಲಗಿ ಬೆರಳು, ಬ್ಯಾಟರಿ ಕರೆಂಟ್, ಈ ಕೆಂಪು ಹಲಗಿ ನಡುವಿನ ಸ್ವಿಚ್.

ಡಬ್ಬ್ಯಾಗಿದ್ದ ಚೌಕ ಬ್ಯಾಟರಿ, 9 ವೋಲ್ಟಿಂದು, ಅದನ್ನ ಹಚ್ಚಿದೆ. ಗಾಲಿ ಒಂದು ಸುತ್ತು ತಿರುಗಿ ನಿಂತ್ವು. ಹೊಸಾದು ತರಿಸಿ ಹಚ್ಚಿದೆ. ಎರಡು ನಿಮಿಷ ನಡದು ಮತ್ತ ನಿಂತ್ವು. 9 ವೋಲ್ಟ್ ಅಂದ್ರ ಜಾಸ್ತಿ ಅಲ್ಲೇನು, ಯಾಕ ನಡ್ಯಂಗಿಲ್ಲ ಅಂತ ತಲಿ ಕೆಟ್ಟು ಹೋತು. ಆಮ್ಯಾಲೆ ತಿಳೀತು. ನಮ್ಮ ಓಣಿಗೆ ನಳಾ ಬಂದಾಗ ನೋಡ್ರಿ, ಟಾಕಿ ಎಷ್ಟು ಎತ್ತರದ ಮ್ಯಾಲಿದ್ರೂ ಪೈಪ್ ಸಣ್ಣದಿದ್ರ ಕೊಡಾ ತುಂಬಂಗಿಲ್ಲ. ಆ ಚೌಕ ಬ್ಯಾಟರಿ ಹಂಗ. ಎತ್ತರ ಅದ, ಧಾರಿ ಇಲ್ಲ. ಹೊಗಿ ಬಂದ್ರ ಒದರೂ ಗಂಟಿಗೆ, ಅಂಥಾ ಸಣ್ಣ ಸಾಮಾನಿಗೆ ಅದು ಸರಿ, ಮೋಟರಿಗಲ್ಲ.

ಹುಬ್ಬಳ್ಳಿಗೆ ಹೋಗೂದಿತ್ತು, ಅಕ್ಕನ ಮೊಮ್ಮಗನ ಜಾವಳಕ್ಕ. ಬರೂ ಮುಂದ ಎಲೆಕ್ಟ್ರಾನಿಕ್ಸ್ ಅಂಗಡಿ ಹುಡುಕಿಕೊಂಡು ಹೋದೆ, ಕೈಯಾಗ ಉಡಿ ತುಂಬಿದ ತೆಂಗಿನಕಾಯಿ ಚೀಲ. ಅಂಗಡ್ಯಾಂವ, “ಮಗನ ಪ್ರಾಜೆಕ್ಟೇನ್ರಿ ಅಕ್ಕಾರ?” ಅಂದ.

“ಇಲ್ರಿ, ನಂದ” ಅಂದೆ.

ಅಂವಾ ಒಂದು ಗಳಿಗಿ ನೋಡಿದ. ಆಮ್ಯಾಲೆ ನಗಲಿಲ್ಲ, ಅದಕ್ಕ ನಾ ಅವಗ ಋಣಿ. ಎರಡು ಲಿಥಿಯಂ ಸೆಲ್, ಅವನ್ನ ಕೂಡಸೂ ಡಬ್ಬಿ, ಅದರದ್ದೇ ಚಾರ್ಜರ್ ಕೊಟ್ಟ. ಆ ಸೆಲ್ಲಿಗೆ 18650 ಅಂತಾರ. ಅದೇನು ದೊಡ್ಡ ಗುಟ್ಟಲ್ಲ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದೊಂದು 3.7 ವೋಲ್ಟ್, ಸಾಲಿಗೆ ಹಚ್ಚಿದ್ರ 7.4. “ಅಕ್ಕಾರ, ಇದರ ಎರಡೂ ತುದಿ ಒಂದಕ್ಕೊಂದು ತಾಗಬಾರದು. ಬೆಂಕಿ ಹತ್ತತದ, ಬರೇ ಚೀಲದಾಗ ಒಗೀಬ್ಯಾಡ್ರಿ, ಕೀಲಿಕೈ ಚಿಲ್ಲರಾ ಜೋಡಿ ಇಡಬ್ಯಾಡ್ರಿ” ಅಂತ ಎರಡು ಸಲ ಹೇಳಿದ. ಇದನ್ನ ನಿಮಗೂ ಹೇಳ್ತೇನಿ.

ಸೆಲ್ ಹಚ್ಚಿದೆ. ಈಗ ಗಾಲಿಗೆ ಭೂತ ಹೊಕ್ಕಂಗ ಆತು. ಒಮ್ಮೆ ನಡುಗತಾವ, ಒಮ್ಮೆ ಸುಮ್ಮನಿರತಾವ, ನಾ ಹೇಳಿದ್ದು ಒಂದೂ ಕೇಳಂಗಿಲ್ಲ. ತಂತಿ ಎಲ್ಲಾ ತಗದು ಮತ್ತ ಹಚ್ಚಿದೆ. ಬರದದ್ದು ಹತ್ತು ಸಲ ಓದಿದೆ. ರಾತ್ರಿ ಹತ್ತೂವರಿ ಆಗಿತ್ತು, ಹಾಲಿಗೆ ಹೆಪ್ಪು ಹಾಕೂದು ಸುದ್ದಾ ಮರತಿದ್ದೆ. ಎಲ್ಲಾ ಊಟದ ಟೇಬಲ್ ಮ್ಯಾಲೆ ಹಂಗೇ ಬಿಟ್ಟು, ಮ್ಯಾಲೆ ಒಂದು ಜಾಳಗಿ ಮುಚ್ಚಿ ಮಲಗಿದೆ.

ಮುಂಜಾನೆ ಎದ್ದು ಚಹಾಕ್ಕ ಇಟ್ಟು, ಜಾಳಗಿ ತಗದು ನೋಡಿದ್ರ ಒಂದು ಕಪ್ಪು ತಂತಿ ಹೆಚ್ಚಾಗಿತ್ತು. ಬ್ಯಾಟರಿಯ ಮೈನಸ್ ತುದಿಯಿಂದ ನೀಲಿ ಹಲಗಿಯ ಗ್ರೌಂಡ್ ಅನ್ನೂ ತೂತಿಗೆ. ನಾ ಹಚ್ಚಿದ್ದಲ್ಲ ಅದು. ಅಂಥಾ ಸಣ್ಣ ಕಪ್ಪು ತಂತಿ ಡಬ್ಬ್ಯಾಗ ಇದ್ದಿದ್ದೂ ಇಲ್ಲ. ಕರೆಂಟ್ ಕೊಟ್ಟೆ. ಎರಡೂ ಗಾಲಿ ಜೋಡೆತ್ತಿನ ಹಂಗ ತಿರುಗಿದ್ವು.

ಯಾರು ಹಚ್ಚಿದ್ರು ಅಂತ ನಾ ಕೇಳಲಿಲ್ಲ. ಯಾರೂ ಹೇಳಲಿಲ್ಲ. ಖೋಲಿ ಬಾಗಲಾ ಹಾಕಿತ್ತು.

ಆ ತಂತಿ ಯಾಕ ಬೇಕು ಅಂತ ಮಾತ್ರ ಹುಡುಕಿ ಓದಿದೆ. ಹಲಗಿಗೆ ಕರೆಂಟ್ ಬರತಿದ್ದದ್ದು ಲ್ಯಾಪ್‌ಟಾಪಿಂದ, ಮೋಟರಿಗೆ ಬ್ಯಾಟರಿಯಿಂದ. ಹಲಗಿ, “ಇಗಾ, 5 ವೋಲ್ಟ್ ಕೊಟ್ಟೇನಿ, ತಿರುಗು” ಅಂತದ. ಆದ್ರ 5 ಅಂದ್ರ ಎಲ್ಲಿಂದ 5? ಒಬ್ಬರು ಕೆಳಗಿನ ಮನಿ ನೆಲದಿಂದ ಎತ್ತರ ಅಳೀತಾರ, ಇನ್ನೊಬ್ಬರು ಮಾಳಿಗಿ ನೆಲದಿಂದ ಅಳೀತಾರ ಅಂದ್ರ ಲೆಕ್ಕ ಕೂಡಂಗಿಲ್ಲ. ಇಬ್ಬರಿಗೂ ನೆಲ ಒಂದೇ ಇರಬೇಕು. ಆ ಕಪ್ಪು ತಂತಿ ಎರಡೂ ನೆಲ ಒಂದು ಮಾಡ್ತದ.

ಇಲ್ಲಿಯ ತನಕಾ ಆದದ್ದು ಬರೇ ಆಟಿಗಿ ಗಾಡಿ. ರೋಬೋ ಅನ್ನಿಸ್ಕೋಬೇಕಂದ್ರ ಅದು ತಾನಾಗಿ ನೋಡಬೇಕು, ನೋಡಿದ್ದರ ಮ್ಯಾಲೆ ಏನರೆ ಮಾಡಬೇಕು. ರೋಬೋ ಅನ್ನೂ ಶಬ್ದ ಕ್ಯಾರೆಲ್ ಚಾಪೆಕ್ ಅನ್ನೂ ಚೆಕ್ ಬರಹಗಾರನ 1920ರ ನಾಟಕದಿಂದ ಬಂದದ್ದು. ಅವರ ಭಾಷಾದಾಗ ರೊಬೋಟಾ ಅಂದ್ರ ಬಿಟ್ಟಿ ಚಾಕರಿ ಅಂತ. ಇದನ್ನ ಓದಿ ನಮ್ಮನಿಯವರಿಗೆ ಹೇಳಿದೆ, “ನೋಡ್ರಿ, ಈ ಲೆಕ್ಕದಾಗ ಮನ್ಯಾಗ ಮೂವತ್ತು ವರ್ಷದಿಂದ ಒಂದು ರೋಬೋ ಅದ” ಅಂತ. ಅವರು ಪೇಪರ್ ಮಡಚಿ ಒಳಗ ಹೋದ್ರು.

ಗೂಬಿ ಕಣ್ಣಿನ ಸಾಮಾನು ಅಂದೆನಲ್ಲ, ಅದು ನೋಡಂಗಿಲ್ಲ, ಕೂಗಿ ಕೇಳ್ತದ. ಬಾವಲಿ ಹಂಗ. ಒಂದು ಕಣ್ಣು ನಮಗ ಕೇಳಿಸದ ಸಪ್ಪಳ ಮಾಡ್ತದ, ಸೆಕೆಂಡಿಗೆ 40,000 ಸಲ ನಡುಗೂ ಸಪ್ಪಳ. ಅದು ಗ್ವಾಡಿಗೆ ಬಡದು ತಿರುಗಿ ಬಂದದ್ದನ್ನ ಇನ್ನೊಂದು ಕಣ್ಣು ಕೇಳ್ತದ. ಹೋಗಿ ಬರಲಿಕ್ಕೆ ಎಷ್ಟು ಹೊತ್ತು ಹಿಡೀತು ಅಂತ ಹೇಳ್ತದ, ಮೈಕ್ರೊಸೆಕೆಂಡ್ ಲೆಕ್ಕದಾಗ. ಒಂದು ಮೈಕ್ರೊಸೆಕೆಂಡಿಗೆ ಸಪ್ಪಳ 0.034 ಸೆಂಟಿಮೀಟರ್ ಹೋಗ್ತದ. ಗುಣಿಸಿದ್ರ ಅಂತರ ಬಂತು. 2 ಸೆಂಟಿಮೀಟರಿಂದ ಹಿಡದು 4 ಮೀಟರ್ ತನಕಾ ಅಳೀತದ.

ನಾ ಗುಣಿಸಿದೆ. ಬ್ಲೌಸ್ ಹೊಲಿಯೂ ಟೇಪ್ ಹಿಡದು, ಸರೀ 30 ಸೆಂಟಿಮೀಟರ್ ದೂರ ಕುಕ್ಕರ್ ಇಟ್ಟು ನೋಡಿದ್ರ 60 ಅಂತ ತೋರಿಸ್ತು. ಕುಕ್ಕರ್ 20ಕ್ಕ ತಂದೆ, 40 ಅಂತು. ಒಂದು ತಾಸು ಕೂತು ಯೋಚನಿ ಮಾಡಿದೆ. ಆಗ ಹೊಳೀತು. ಮಾರ್ಕೆಟ್ಟಿಗೆ ಹೋದಾಂವ ಅರ್ಧಾ ತಾಸಿಗೆ ತಿರುಗಿ ಬಂದ ಅಂದ್ರ ಮಾರ್ಕೆಟ್ ಅರ್ಧಾ ತಾಸಿನ ದಾರಿ ಅಲ್ಲ, ಕಾಲು ತಾಸಿನ ದಾರಿ. ಎರಡರಿಂದ ಭಾಗಿಸೂದು ಬಿಟ್ಟಿದ್ದೆ. ತಾನಾಗಿ ಹೊಳದದ್ದಕ್ಕ ಆದ ಖುಷಿ ಹೇಳಲಿಕ್ಕೆ ಬರಂಗಿಲ್ಲ. ಅವತ್ತು ರಾತ್ರಿ ಗೋಧಿ ಹುಗ್ಗಿ ಮಾಡಿದೆ, ಯಾಕ ಅಂತ ಯಾರಿಗೂ ಹೇಳಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಮಜಾ. “20ಕ್ಕಿಂತ ಕಡಿಮಿ ಇದ್ರ ನಿಲ್ಲು, ಇಲ್ಲಂದ್ರ ನಡಿ” ಅಂತ ಬರದಿದ್ದೆ. ಅದರಾಗ ನಿಂತದೋ ಇಲ್ಲೋ ಅಂತ ನೋಡ್ಲಿಕ್ಕೆ ಒಂದು ಕಡೆ ಸಮಚಿಹ್ನಿ ಹಾಕಬೇಕಿತ್ತು. ಎರಡು ಹಾಕೂ ಕಡೆ ಒಂದು ಹಾಕಿದೆ. ಗಾಡಿ ನಿಂತದ್ದು ನಿಂತೇಬಿಡ್ತು. ಈ ಭಾಷಾದಾಗ ಒಂದು = ಅಂದ್ರ “ಹಿಂಗ ಆಗು” ಅಂತ ಆಜ್ಞಾ. ಎರಡು == ಅಂದ್ರ “ಹಿಂಗ ಅದ ಏನು?” ಅಂತ ಪ್ರಶ್ನಿ. ನಾ ಕೇಳೂದು ಬಿಟ್ಟು ಹೇಳಿಬಿಟ್ಟಿದ್ದೆ. ಅದು ಪಾಪ, ಹೇಳಿದಂಗ ಆತು. ನಮ್ಮ ಮನ್ಯಾಗ ಸಂಕ್ರಾಂತಿ ದಿವಸ ಆದದ್ದೂ ಇಂಥಾದ್ದೇ ಅನ್ನಿಸ್ತು ನನಗ. “ಓದಾಂವ ಅಲ್ಲಾ ನೀ” ಅಂತ ಅವರಂದದ್ದು ಪ್ರಶ್ನಿ ಅಲ್ಲ, ಅದಕ್ಕ ಉತ್ತರಾನೇ ಇರಲಿಲ್ಲ. ನಾನೂ ಸುಮ್ಮನ ನಿಂತಿದ್ದೆ, ಕೈಯಾಗ ಕುಸರೆಳ್ಳಿನ ಬಟ್ಟಲಾ ಹಿಡಕೊಂಡು.

ಇರಲಿ. ಗಾಡಿ ಪಡಸಾಲ್ಯಾಗ ಓಡಾಡಲಿಕ್ಕೆ ಹತ್ತಿತು. ಗ್ವಾಡಿ ಬಂದ್ರ ನಿಂತು ಎಡಕ್ಕ ಹೊಳ್ಳತಿತ್ತು. ಕಪಾಟಿಗೆ ಹೊಳ್ಳತಿತ್ತು, ಸ್ಟೀಲಿನ ಟಾಕಿಗೆ ಹೊಳ್ಳತಿತ್ತು. ಅತ್ತಿಯವರ ಮಂಚದಿಂದ ಜೋತುಬಿದ್ದ ಕೌದಿಗೆ ಮಾತ್ರ ಸೀದಾ ಹೋಗಿ ಮಾರಿ ಗುದ್ದತಿತ್ತು. ಅರಿವಿ, ಅದೂ ನಾಕು ಪದರಿನ ಮೆತ್ತನ್ನ ಕೌದಿ, ಸಪ್ಪಳಾನ ನುಂಗಿಬಿಡ್ತದ, ತಿರುಗಿ ಕಳಸಂಗಿಲ್ಲ. ಗಾಡಿಗೆ ಅಲ್ಲೆ ಏನೂ ಇಲ್ಲ ಅಂತನೇ ಕಾಣಸ್ತದ. ಗ್ವಾಡಿಗೆ ಓರಿ ಹೋದ್ರೂ ಹಂಗ, ಸಪ್ಪಳ ಬ್ಯಾರೆ ಕಡೆ ಸಿಡದು ಹೋಗ್ತದ. “ನನ್ನ ಕೌದಿ ಅದಕ್ಕ ಸೇರೇದವಾ, ಹೊದ್ಕೊಂಡು ಮಲಗತದ” ಅಂತ ಅತ್ತಿಯವರಿಗೆ ಖುಷಿ.

ದೊಡ್ಡ ತ್ರಾಸು ಆದದ್ದು ಮೂಲ್ಯಾಗ. ಗಾಡಿ ಪಡಸಾಲಿ ಮೂಲಿಗೆ ಹೋತಂದ್ರ ಮುಗೀತು. ನಾ ಹಿಂಗ ಬರದಿದ್ದೆ: ಮುಂದ ಅಡ್ಡ ಇದ್ರ ಎಡಕ್ಕ ಹೊಳ್ಳು, ಅಲ್ಲೂ ಅಡ್ಡ ಇದ್ರ ಬಲಕ್ಕ ಹೊಳ್ಳು. ಮೂಲ್ಯಾಗ ಎಡಕ್ಕ ಹೊಳ್ಳಿದ್ರ ಗ್ವಾಡಿ, ಬಲಕ್ಕ ಹೊಳ್ಳಿದ್ರ ಮೊದಲಿನ ಗ್ವಾಡಿ. ಎಡಕ್ಕ, ಬಲಕ್ಕ, ಎಡಕ್ಕ, ಬಲಕ್ಕ. ಬ್ಯಾಟರಿ ಇಳಿಯೂ ತನಕಾ ಅಲ್ಲೇ ತಲಿ ಅಲ್ಲಾಡಿಸಿಕೋತ ನಿಂದರತಿತ್ತು. ಹೊಳ್ಳೂ ಹೊತ್ತು ಹೆಚ್ಚ ಮಾಡಿದೆ. ಆಗ ಇನ್ನೊಂದು ಕೂಡಿತು. ಹೊಳ್ಳಲಿಕ್ಕೆ ಡಿಲೇ ಅಂತ ಒಂದು ಮಾತು ಬರೀತಾರ, “ಇಷ್ಟು ಹೊತ್ತು ಹಿಂಗ ಇರು” ಅಂತ. ಆ ಹೊತ್ತಿನಾಗ ಅದು ಏನೂ ಕೇಳಂಗಿಲ್ಲ, ನೋಡಂಗಿಲ್ಲ. ಕಣ್ಣು ಮುಚ್ಚಿಕೊಂಡು ಹೊಳ್ಳಿ ಕಪಾಟಿಗೆ ಕುಂಡಿ ಬಡಕೋತಿತ್ತು.

ಮೂರು ದಿನ ಇದೇ ಆತು. ಅವತ್ತು ಶನಿವಾರ, ಸಂಜೀ ಮುಂದ, ನಾ ಮೂಲ್ಯಾಗ ಅದರ ಮುಂದ ಮಣಕಾಲು ಊರಿ ಕೂತಿದ್ದೆ. ಎಡಕ್ಕ, ಬಲಕ್ಕ. “ಯಾಕೋ ಮಾರಾಯಾ, ಹಿಂದಕ್ಕ ಬಾರೋ, ಹಿಂದ ಎಷ್ಟು ಜಾಗಾ ಅದ” ಅಂತ ಅದಕ್ಕ ಹೇಳ್ಲಿಕ್ಕೆ ಹತ್ತಿದ್ದೆ, ಕರುವಿಗೆ ಹೇಳಿದಂಗ.

ಹಿಂದಿಂದ, “ಅಮ್ಮಾ, ಅದಕ್ಕ ನೆನಪಿಲ್ಲ” ಅಂತ ದನಿ ಬಂತು.

ಹೊಳ್ಳಿ ನೋಡಿದೆ. ಬಾಗಲದಾಗ ನಿಂತಿದ್ದ, ಗಡ್ಡಾ ಬಿಟ್ಟುಕೊಂಡು, ಕೈಯಾಗ ನೀರಿನ ತಂಬಗಿ.

“ಏನಿಲ್ಲ?”

“ನೆನಪು. ಈಗ ಎಡಕ್ಕ ಹೊಳ್ಳಿದ್ದೆ, ಆಗಲಿಲ್ಲ ಅಂತ ಅದಕ್ಕ ಗೊತ್ತಿಲ್ಲ. ಪ್ರತಿ ಸಲಾ ಇದೇ ಮೊದಲನೇ ಸಲ ಅಂತ ತಿಳಕೋತದ. ಅದಕ್ಕ ಎಣಸಲಿಕ್ಕೆ ಒಂದು ಜಾಗಾ ಕೊಡು.”

“ನನಗ ಬರಂಗಿಲ್ಲಪಾ ಅದು” ಅಂದೆ. ಖರೇನೇ ಬರತಿರಲಿಲ್ಲ.

ಬಂದು ಕೂತ. ಲ್ಯಾಪ್‌ಟಾಪ್ ಎಳಕೊಂಡ. ನಾ ಬರದದ್ದು ಓದಿ, “ಇದೇನಿದು ಸೆಮಿಕೋಲನ್ ಮುಂದ ಇಷ್ಟು ಜಾಗಾ ಬಿಟ್ಟೀ” ಅಂತ ಸಣ್ಣಾಗಿ ನಕ್ಕ. ಎಷ್ಟು ತಿಂಗಳಿಗೋ. ಒಂದು ಎಣಿಕಿ ಇಟ್ಟ. ಹೊಳ್ಳಿದಾಗೊಮ್ಮೆ ಒಂದು ಕೂಡಸೂದು. ದಾರಿ ಸಿಕ್ಕು ಸ್ವಲ್ಪ ದೂರ ನಡದ್ರ ಎಣಿಕಿ ಸೊನ್ನಿ. ನಡೀದನೇ ನಾಕು ಸಲ ಹೊಳ್ಳಿತು ಅಂದ್ರ, ಎಡ ಬಲ ಬಿಟ್ಟು ಹಿಂದಕ್ಕ ಸರಿ, ಅಲ್ಲೆ ಪೂರಾ ತಿರುಗು. ಐದಾರು ಸಾಲಷ್ಟೇ. ಡಿಲೇ ತಗದು ಗಡಿಯಾರಾ ನೋಡಿಕೋತ ಹೊಳ್ಳೂ ಹಂಗ ಮಾಡಿದ. ನಾ ಮೂಲ್ಯಾಗ ಬಿಟ್ಟೆ. ಎಡಕ್ಕ, ಬಲಕ್ಕ, ಎಡಕ್ಕ, ಬಲಕ್ಕ. ಒಂದು ಗಳಿಗಿ ನಿಂತಿತು. ಹಿಂದ ಸರದು, ಮಾರಿ ಹೊಳ್ಳಿಸಿ, ಪಡಸಾಲಿ ತುಂಬ ಓಡಿಹೋತು.

ನನ್ನ ಕಣ್ಣಾಗ ನೀರು ಬಂದ್ವು. ಅಂವಾ ನೋಡಿದ್ನೋ ಇಲ್ಲೋ. “ಒಗ್ಗರಣಿ ಹಾಕಿದ ಅವಲಕ್ಕಿ ಅದ ಏನು?” ಅಂದ. ಇರಲಿಲ್ಲ. ಐದು ನಿಮಿಷದಾಗ ಮಾಡಿದೆ.

ಎಲ್ಲಾ ಅವತ್ತಿಗೇ ಸರಿ ಆತು ಅಂತ ತಿಳಕೋಬ್ಯಾಡ್ರಿ. ಮರುದಿನ ಮತ್ತ ಬಾಗಲಾ ಹಾಕೇ ಇತ್ತು. ಆದ್ರ ಸಂಜೀಕ ಒಂದು ತಾಸು ಹೊರಗ ಬರಲಿಕ್ಕೆ ಹತ್ತಿದ. ಯುಗಾದಿ ದಾಟಿತ್ತು, ಬಿಸಲಾ ಜೋರಾಗಿತ್ತು. ಗೆರಿ ಹಿಡದು ಹೋಗೂ ಗಾಡಿ ಮಾಡೂಣು ಅಂದ. ಅದಕ್ಕ ಹೊಟ್ಟಿ ಕೆಳಗ ಎರಡು ಕಣ್ಣು ಹಚ್ಚೂದು. ಅವು ನಮಗ ಕಾಣದ ಒಂದು ಬೆಳಕು ಬಿಡ್ತಾವ, ಇನ್‌ಫ್ರಾರೆಡ್ ಅಂತ. ಬಿಳೇ ನೆಲ ಅದನ್ನ ತಿರುಗಿ ಕಳಸ್ತದ, ಕರೇ ಗೆರಿ ನುಂಗತದ. ಗೆರಿ ಎರಡೂ ಕಣ್ಣಿನ ನಡುವ ಇರಬೇಕು. ಎಡಗಣ್ಣಿಗೆ ಕರೇದು ಕಂಡ್ರ ಎಡಕ್ಕ ಹೊಳ್ಳು, ಬಲಗಣ್ಣಿಗೆ ಕಂಡ್ರ ಬಲಕ್ಕ. ಎಲ್ಲಾರೂ ಬಿಳೇ ಹಾಳಿ ಮ್ಯಾಲೆ ಕರೇ ಟೇಪ್ ಹಚ್ಚಿ ಮಾಡ್ತಾರ. ನಾ ಅಂದೆ, ನಮ್ಮ ದೇವರ ಖೋಲಿ ಮುಂದ ಕಡಪಾ ಕಲ್ಲಿನ ಕರೇ ನೆಲ ಅದ, ರಂಗೋಲಿ ಬಿಳೇದು, ತಿರುವಿ ಹಾಕಿದ್ರ ಆತಲ್ಲ? ಅಂವಾ ಒಂದು ಗಳಿಗಿ ನೋಡಿ, “ಆಗ್ತದ, ಷರತ್ತು ಉಲ್ಟಾ ಮಾಡಿದ್ರಾತು” ಅಂದ.

ಪುಡಿ ರಂಗೋಲಿ ಗೆರಿ ಗಾಲಿಗೆ ಅಳಿಸಿಹೋತು. ಹಿಂದ ಬಂದಾಗ ಗೆರೀನೇ ಇಲ್ಲ. ಅತ್ತಿಯವರು ಕೂತಲ್ಲಿಂದ, “ಪುಡೀಲೆ ಯಾಕ ಬರೀತೀರಿ? ನೀರಾಗ ಕಲಸಿ ಅರಿವೀಲೆ ಬರೀರಿ, ಒಣಗಲಿ” ಅಂದ್ರು. ಒಣಗಿದ ಮ್ಯಾಲೆ ಗಾಡಿ ಗೆರಿ ಹಿಡದು ನಡೀತು, ತಿರುವಿನಾಗ ಸ್ವಲ್ಪ ಸೊಂಟಾ ಅಲ್ಲಾಡಿಸಿಕೋತ. ಬಾಗಲದಿಂದ ಬಿಸಲಾ ಬಿದ್ದ ಜಾಗಾಕ್ಕ ಬಂದಾಗ ಮಾತ್ರ ದಾರಿ ತಪ್ಪತಿತ್ತು. ಬಿಸಲಿನಾಗೂ ಆ ಕಾಣದ ಬೆಳಕು ಅದ, ಕಣ್ಣಿಗೆ ಎಲ್ಲಾನೂ ಬಿಳೇದೇ ಅನ್ನಿಸ್ತದ. ಪಡದಾ ಎಳದೆ, ಸರಿ ಆತು. ರಂಗೋಲಿ ಗೆರಿ ಎಳ್ಯಾಗ ಕೊನಿ ಎಲ್ಲಿ ಮುಟ್ಟಸ್ತೀರಿ ಅನ್ನೂದು ಮುಖ್ಯ. ಅತ್ತಿಯವರು ಹೇಳಿದಂಗ ಒಂದೇ ಎಳೀಲೆ ಬರದು ಕೊನಿ ಕೂಡಿಸಿದ್ದಕ್ಕ ಗಾಡಿ ಬ್ಯಾಟರಿ ಇರೂ ತನಕಾ ಸುತ್ತತಾ ಇತ್ತು. ಬಾಜು ಮನಿ ವೈನಿ ಬಂದು ನೋಡಿ, “ಇದರಿಂದ ಏನು ಉಪಯೋಗರೀ?” ಅಂದ್ರು. ಏನೂ ಇಲ್ಲ ಅಂದೆ.

ಒಂದಿನ ರಾತ್ರಿ ಊಟಕ್ಕ ನಾಕೂ ಮಂದಿ ಕೂತಿದ್ವಿ. ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ. ಅಂವಾ ನನಗ ಹೇಳ್ಲಿಕ್ಕೆ ಹತ್ತಿದ್ದ, ನನಗಷ್ಟೇ. ಗ್ರೇ ವಾಲ್ಟರ್ ಅಂತ ಒಬ್ಬ ಇದ್ದ, ಇಂಗ್ಲೆಂಡಿನ ಬ್ರಿಸ್ಟಲ್‌ದಾಗ ಮಿದುಳಿನ ಅಭ್ಯಾಸ ಮಾಡಾಂವ. ಅಂವಾ 1948-49ರಾಗ ಆಮಿಯಂಥಾ ಎರಡು ಯಂತ್ರ ಮಾಡಿದ್ದ, ಎಲ್ಮರ್ ಮತ್ತ ಎಲ್ಸಿ ಅಂತ. ಕಂಪ್ಯೂಟರ್ ಇಲ್ಲ, ಚಿಪ್ ಇಲ್ಲ, ಹಳೇ ರೇಡಿಯೋದಾಗ ಇರತಿದ್ವಲ್ಲ ಅಂಥಾ ವಾಲ್ವ್, ಅದೂ ಎರಡೇ ಎರಡು. ಬೆಳಕು ಕಂಡ್ರ ಅದರ ಕಡೆ ಹೋಗತಿದ್ವು, ಭಾಳ ಪ್ರಖರ ಆದ್ರ ಹಿಂದ ಸರೀತಿದ್ವು, ಏನರೆ ತಾಗಿದ್ರ ಹೊಳ್ಳತಿದ್ವು. ಬ್ಯಾಟರಿ ಇಳದ ಮ್ಯಾಲೆ ಆ ಪ್ರಖರ ಬೆಳಕೂ ಅವಕ್ಕ ಬೇಕನಿಸ್ತಿತ್ತು, ದೀಪ ಇಟ್ಟ ಗೂಡಿಗೆ ತಾವೇ ತಿರುಗಿ ಹೋಗಿ ಚಾರ್ಜ್ ಆಗತಿದ್ವು.

“ಸಂಜೀಕ ಎಮ್ಮಿ ಕೊಟಗಿಗೆ ಬಂದಂಗ” ಅಂದ್ರು ಅತ್ತಿಯವರು. ಅದು ಮಾತ್ರ ಅವರಿಗೆ ಹೆಂಗ ಕೇಳಿಸ್ತೋ.

ಆಮ್ಯಾಲೆ ಬ್ರೈಟೆನ್‌ಬರ್ಗ್ ಅನ್ನಾಂವಂದು ಹೇಳಿದ. ಅಂವಾ 1984ರಾಗ ಒಂದು ಪುಸ್ತಕಾ ಬರದ, ಯಂತ್ರ ಮಾಡಲಿಲ್ಲ, ಬರೇ ಮನಸಿನಾಗ ಮಾಡಿದ. ಎರಡು ಬೆಳಕಿನ ಕಣ್ಣು, ಎರಡು ಗಾಲಿ, ನಡುವ ಎರಡು ತಂತಿ, ಮುಗೀತು. ಬೆಳಕು ಹೆಚ್ಚಾದ್ರ ಗಾಲಿ ಜೋರು. ಎಡಗಣ್ಣು ಎಡಗಾಲಿಗೆ ಹಚ್ಚಿದ್ರ, ಎಡಕ್ಕ ಬೆಳಕು ಬಂದಾಗ ಎಡಗಾಲಿ ಜೋರ ತಿರುಗಿ ಗಾಡಿ ಬಲಕ್ಕ ಹೊಳ್ಳತದ. ಬೆಳಕಿನಿಂದ ಓಡಿಹೋಗಿ ಕತ್ತಲಾಗ ಕೂಡತದ. “ನೋಡಾವ್ರಿಗೆ ಅದು ಅಂಜೇದ ಅನ್ನಿಸ್ತದ ಅಮ್ಮಾ. ಒಳಗ ನೋಡಿದ್ರ ಎರಡು ತಂತಿ ಅಷ್ಟೇ.”

ನಾ ಏನೋ ಕೇಳಬೇಕು ಅನ್ನೂದ್ರಾಗ ಆ ಕಡಿಂದ ದನಿ ಬಂತು.

“ತಂತಿ ಅದಲ ಬದಲ ಮಾಡಿದ್ರ?”

ನಮ್ಮನಿಯವರು. ರೊಟ್ಟಿ ಮುರಕೋತ, ತಾಟು ನೋಡಿಕೋತ ಕೇಳಿದ್ರು. ಸಂಕ್ರಾಂತಿ ಆದ ಮ್ಯಾಲೆ ಅವಗ ಅಂತ ಅವರಾಡಿದ ಮೊದಲನೇ ಮಾತು ಅದು. ಅದೂ ಪ್ರಶ್ನಿ, ಎರಡು ಸಮಚಿಹ್ನಿಂದು.

ಅಂವಾ ಸ್ವಲ್ಪ ಹೊತ್ತು ಸುಮ್ಮನಿದ್ದ. ನಾ ಉಸಿರು ಬಿಗಿಹಿಡದು ಕೂತಿದ್ದೆ. “ಎಡಗಣ್ಣು ಬಲಗಾಲಿಗೆ ಹಚ್ಚಿದ್ರ ಬೆಳಕಿನ ಕಡೆನೇ ಹೊಳ್ಳತದ. ಹತ್ರ ಹೋದಷ್ಟೂ ಜೋರಾಗಿ ಹೋಗಿ ಗುದ್ದತದ. ಆಗ ನೋಡಾವ್ರು ಅದಕ್ಕ ಸಿಟ್ಟು ಬಂದದ ಅಂತಾರ” ಅಂದ. ತಾಟು ನೋಡಿಕೋತನೇ ಅಂದ.

“ತಂತಿ ಅವೇ?”

“ತಂತಿ ಅವೇ.”

“ಹೂಂ” ಅಂದ್ರು. ಇನ್ನೊಂದು ರೊಟ್ಟಿ ಹಾಕಿಸಿಕೊಂಡ್ರು.

ಜೂನ್‌ದಾಗ ಪರೀಕ್ಷಾ ಅವ. ಫಾರ್ಮ್ ತುಂಬ್ಯಾನೋ ಇಲ್ಲೋ ನಾ ಕೇಳಿಲ್ಲ. ಮೊನ್ನೆ ಅವನ ಖೋಲ್ಯಾಗ ಕಸಾ ಹೊಡಿಯೂ ಮುಂದ ಟೇಬಲ್ ಮ್ಯಾಲೆ ಎರಡು ಪುಸ್ತಕ ತಗದಿಟ್ಟದ್ದು ಕಂಡೆ, ಧೂಳಾ ಒರಸಿದ್ದ. ಬಾಗಲಾ ಹಗಲೊತ್ತಿನಾಗ ಈಗ ಅರ್ಧಾ ತಗದಿರ್ತದ.

ಬೆಳಕಿನ ಕಣ್ಣು ನಿನ್ನೆ ಬಂದ್ವು, ಎಲ್‌ಡಿಆರ್ ಅಂತಾರ, ಕುಂಬಳ ಬೀಜದಷ್ಟು ಸಣ್ಣವು, ಒಂದೊಂದಕ್ಕ ಐದೋ ಹತ್ತೋ ರೂಪಾಯಿ. ರಾತ್ರಿ ಪಡಸಾಲಿ ದೀಪ ಎಲ್ಲಾ ಆರಿಸಿದ್ವಿ. ನಮ್ಮನಿಯವರು ತಮ್ಮ ಹಳೇ ಟಾರ್ಚ್ ತಂದು ನೆಲಕ್ಕ ಕೂತ್ರು, ಮಣಕಾಲು ನೋವು ಅಂತ ದಿನಾ ಒದರಾವ್ರು. ಮೊದಲ ಅಂಜೂ ಗಾಡಿ. ಟಾರ್ಚ್ ಬಿಟ್ರ ಸಾಕು, ಹೊಳ್ಳಿ ಮಂಚದ ಕೆಳಗ ಹೋಗಿ ಕೂಡತಿತ್ತು. ಆಮ್ಯಾಲೆ ಸಣ್ಣಾಂವ ಎರಡು ತಂತಿ ಕಿತ್ತು ಅದಲ ಬದಲ ಹಚ್ಚಿದ. “ಅಪ್ಪಾ, ಈಗ ಬಿಡು” ಅಂದ. ಅವರು ಬಿಟ್ರು. ಗಾಡಿ ಒಂದು ಸಲ ನಡುಗಿ, ಮಂಚದ ಕೆಳಗಿಂದ ಬಂದದ್ದು ಸೀದಾ ಅವರ ಕಡೆ ಓಡಿತು. ಅವರು ಟಾರ್ಚ್ ಎತ್ತಿ ಹಿಡಕೊಂಡು, “ಏ ಏ, ಹಿಡಕೋರಲೇ ಇದನ್ನ!” ಅಂತ ಒದರಿದ್ರು. ಕತ್ತಲಾಗ ಯಾರು ನಗಲಿಕ್ಕೆ ಹತ್ಯಾರ ಅಂತ ತಿಳೀಲಿಲ್ಲ. ಅತ್ತಿಯವರು ಮಾತ್ರ ಎರಡೂ ಕಾಲು ಮಂಚದ ಮ್ಯಾಲೆ ಎತ್ತಿಕೊಂಡು, “ಇದಕ್ಕ ನೆನಪು ಹಾಕೀರೋ ಇಲ್ಲೋ?” ಅಂತ ಕೇಳತಿದ್ರು.